ಜ್ವರ ಬಂದ್ರೂ ರಜೆ ಹಾಕ್ಲಿಕ್ಕೆ ಆಗದವರ ಬಗ್ಗೆಯೂ ಬರೀರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪೇಪರು ನಮ್ಮ ಮನೆಗೆ ಅಪ್ಪ ಇರುವಾಗಿಂದ ಬರ್ತಾ ಉಂಟು. ಮಳೆಗಾಲ ಶುರು ಆದ ಕೂಡ್ಲೆ ಮಲೇರಿಯಾ, ಡೆಂಗಿ ಸುದ್ದಿ ಬರ್ಲಿಕ್ಕೆ ಶುರು, ಇಂಥ ವಾರ್ಡಲ್ಲಿ ಇಷ್ಟು ಕೇಸು, ಸಾರ್ವಜನಿಕರು ಮನೆ ಸುತ್ತ ನೀರು ನಿಲ್ಲದ ಹಾಗೆ ನೋಡ್ಕೊಳ್ಬೇಕು, ಸೊಳ್ಳೆ ಪರದೆ ಕಟ್ಬೇಕು ಅಂತ. ಇನ್ನೊಂದು ಪುಟದಲ್ಲಿ ಡಾಕ್ಟ್ರ ಅಂಕಣ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ, ಹಣ್ಣು ತರಕಾರಿ ತಿನ್ನಿ, ಏಳೆಂಟು ಗಂಟೆ ನಿದ್ದೆ ಮಾಡಿ, ಟೆನ್ಶನ್ ಮಾಡ್ಬೇಡಿ. ಇದ್ಯಾವ್ದೂ ಸುಳ್ಳಲ್ಲ, ಡಾಕ್ಟ್ರುಗಳು ಒಳ್ಳೇದಕ್ಕೇ ಹೇಳುದು. ಆದ್ರೆ ಇದನ್ನೆಲ್ಲ ಓದುವಾಗ ನನಗೆ ಅನ್ನಿಸುದು ಏನಂದ್ರೆ, ಈ ಸಲಹೆ ಯಾರಿಗೆ ಹೇಳ್ತಾ ಇದ್ದಾರೋ ಅವ್ರಿಗೆ ಒಂದು ಮನೆ ಉಂಟು, ಮನೆಗೆ ಬಾಗಿಲು ಕಿಟಕಿ ಉಂಟು, ಬೆಳಗ್ಗೆ ಅರ್ಧ ಗಂಟೆ ಟೈಮ್ ಉಂಟು, ಮತ್ತೆ ಮುಖ್ಯವಾಗಿ ಜ್ವರ ಬಂದು ಎರಡು ದಿನ ಮಲಗಿದ್ರೂ ತಿಂಗಳ ಕೊನೆಗೆ ಸಂಬಳ ಪೂರ್ತಿ ಕೈಗೆ ಬರ್ತದೆ. ನಾನು ದಿನಾ ನೋಡುವ ಎಷ್ಟೋ ಜನರಿಗೆ ಇದರಲ್ಲಿ ಒಂದೂ ಇಲ್ಲ. ಪತ್ರ ಸ್ವಲ್ಪ ಉದ್ದ ಆಗ್ತದೆ, ಜಾಗ ಮಾಡಿ ಹಾಕಿದ್ರೆ ಉಪಕಾರ.

ಬೈಕಂಪಾಡಿ ಕಡೆ ಒಂದು ಮೆಡಿಕಲ್ ಶಾಪಿನ ಕೌಂಟರಲ್ಲಿ ನಿಲ್ಲುವವ ನಾನು. ಒಂದು ಬದಿ ಇಂಡಸ್ಟ್ರಿಯಲ್ ಏರಿಯಾ, ಇನ್ನೊಂದು ಬದಿ ಪಣಂಬೂರು ಬಂದರು, ಹೈವೇ ಉದ್ದಕ್ಕೂ ಲಾರಿ, ಹಿಂದಿನಿಂದ ಕಡಲು. ನಮ್ಮಲ್ಲಿಗೆ ಬರುವವ್ರು ಕಂಪನಿಯ ಕಾಂಟ್ರಾಕ್ಟ್ ಲೇಬರ್, ಲಾರಿ ಡ್ರೈವರ್, ಕ್ಲೀನರ್, ಬಿಲ್ಡಿಂಗ್ ಕೆಲಸದವ್ರು, ಮೀನು ಮಾರುವ ಹೆಂಗಸ್ರು, ಬೀಡಿ ಕಟ್ಟುವವ್ರು. ಚೀಟಿಯಲ್ಲಿ ಡಾಕ್ಟ್ರು ಐದು ದಿನದ ಮಾತ್ರೆ ಬರ್ದಿರ್ತಾರೆ, ಇವ್ರು "ಅಣ್ಣ, ಈಗ ಎರಡು ದಿನದ್ದು ಕೊಡಿ, ಬಾಕಿದ್ದು ಶನಿವಾರ ತಗೊಳ್ತೇನೆ" ಅಂತಾರೆ, ಯಾಕಂದ್ರೆ ಶನಿವಾರ ಬಟವಾಡೆ. ನಾನು ಸ್ಟ್ರಿಪ್ಪಿನಿಂದ ಅಷ್ಟೇ ಕತ್ತರಿಸಿ ಕೊಡ್ತೇನೆ. ಎರಡು ದಿನದಲ್ಲಿ ಜ್ವರ ಇಳಿದ್ರೆ ಶನಿವಾರ ಅವ್ರು ಬರುದಿಲ್ಲ, ಆ ದುಡ್ಡಿಗೆ ಅಕ್ಕಿಯೋ ಮಗುವಿನ ಫೀಸೋ ಕಾಯ್ತಾ ಇರ್ತದೆ. ಟ್ರಾಲ್ ಬೋಟಿಗೆ ಹೋಗುವವ್ರದ್ದು ಇನ್ನೊಂದು ಕಥೆ, ಜೂನ್ 1ರಿಂದ ಜುಲೈ 31ರ ವರೆಗೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಆ ಟೈಮಲ್ಲಿ ಬಿಪಿ ಮಾತ್ರೆ ದಿನ ಬಿಟ್ಟು ದಿನ ನುಂಗುವವ್ರು ಇದ್ದಾರೆ. ಬಿಪಿಗೆ ಮೀನುಗಾರಿಕೆ ರಜೆ ಇಲ್ಲ ಅಂತ ಅವ್ರಿಗೂ ಗೊತ್ತುಂಟು. ಗೊತ್ತಿಲ್ಲದ್ದು ಅಲ್ಲ ಸಮಸ್ಯೆ, ಅದನ್ನೇ ನಾನು ಹೇಳ್ಲಿಕ್ಕೆ ಹೊರಟದ್ದು.

ಮಲೇರಿಯಾದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ವರ್ಷಗಟ್ಲೆ ರಾಜ್ಯದ ಮಲೇರಿಯಾ ಕೇಸುಗಳಲ್ಲಿ ದೊಡ್ಡ ಪಾಲು ನಮ್ಮ ಮಂಗಳೂರಿನದ್ದೇ ಇತ್ತು. ಒಬ್ಬ ಹುಡುಗ ಬರ್ತಿದ್ದ, ಜಾರ್ಖಂಡಿನವ, ಇಪ್ಪತ್ತೋ ಇಪ್ಪತ್ತೊಂದೋ ಇರಬಹುದು, ಸೆಂಟ್ರಿಂಗ್ ಕೆಲಸ. ಅವನಿಗೆ ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಅಂತ ಬಂದಿತ್ತು, ಪರೀಕ್ಷೆಯೂ ಮದ್ದೂ ಸರ್ಕಾರದ್ದು, ಒಂದು ರೂಪಾಯಿ ಖರ್ಚಿಲ್ಲ. ವೈವಾಕ್ಸಿಗೆ ಕ್ಲೋರೋಕ್ವಿನ್ ಮೂರು ದಿನ, ಪ್ರೈಮಾಕ್ವಿನ್ ಹದಿನಾಲ್ಕು ದಿನ. ಕ್ಲೋರೋಕ್ವಿನ್ನಿಗೇ ಜ್ವರ ಬಿಟ್ಟುಹೋಗ್ತದೆ, ಆದ್ರೆ ರೋಗಾಣು ಲಿವರಲ್ಲಿ ಅಡಗಿ ಕೂತಿರ್ತದೆ, ಅದನ್ನು ಕೊಲ್ಲಲಿಕ್ಕೆ ಆ ಹದಿನಾಲ್ಕು ದಿನದ ಮಾತ್ರೆ ಪೂರ್ತಿ ಆಗ್ಬೇಕು. ಇವ ನಡುವೆ ಬಿಟ್ಟ, ಸ್ವಲ್ಪ ಸಮಯ ಕಳೆದು ಪುನಃ ಚಳಿ ಹಿಡಿದು ಗಡಗಡ ನಡುಗ್ತಾ ಅಂಗಡಿಗೆ ಬಂದ. ಯಾಕೆ ಬಿಟ್ಟೆ ಅಂತ ಕೇಳಿದೆ. "ಭಯ್ಯಾ, ಅದು ತಗೊಂಡ್ರೆ ಹೊಟ್ಟೆ ಹಿಡೀತದೆ" ಅಂದ. ಸರಿಯೇ, ಪ್ರೈಮಾಕ್ವಿನ್ ಖಾಲಿ ಹೊಟ್ಟೆಗೆ ತಗೊಂಡ್ರೆ ಹೊಟ್ಟೆ ನೋವು ಬರ್ತದೆ, ಊಟ ಮಾಡಿ ತಗೊಳ್ಬೇಕು. ಅವ ಬೆಳಗ್ಗೆ ಆರು ಗಂಟೆಗೆ ಒಂದು ಚಾ ಕುಡಿದು ಕೆಲಸಕ್ಕೆ ಹೋಗುದು, ಹೊಟ್ಟೆಗೆ ಬೀಳುದು ಮಧ್ಯಾಹ್ನ ಒಂದಕ್ಕೆ, ಮಾತ್ರೆ ಇರುದು ಮಲಗುವ ಜಾಗದಲ್ಲಿ. ಅಷ್ಟರಲ್ಲಿ ಅವನ ಮೇಸ್ತ್ರಿ ಅವನನ್ನು ದೇರಳಕಟ್ಟೆ ಕಡೆಯ ಇನ್ನೊಂದು ಸೈಟಿಗೆ ಕಳಿಸಿದ್ದ, ಮದ್ದು ಕೊಟ್ಟ ಆರೋಗ್ಯ ಕಾರ್ಯಕರ್ತೆ ಹಳೆ ಸೈಟಿಗೆ ವಿಚಾರಿಸ್ಲಿಕ್ಕೆ ಹೋದ್ರೂ ಇವ ಅಲ್ಲಿಲ್ಲ. ಈಗ ಹೇಳಿ, ಇವನಿಗೆ ಏನಂತ ಜಾಗೃತಿ ಮೂಡಿಸುದು?

ಇವ ಮಲಗುದು ಎಲ್ಲಿ ಅಂದ್ರೆ ಅವನೇ ಕಟ್ತಾ ಇರುವ ಬಿಲ್ಡಿಂಗಿನ ನೆಲ ಅಂತಸ್ತಲ್ಲಿ, ಗೋಡೆ ಆಗಿದೆ, ಬಾಗಿಲು ಕಿಟಕಿ ಕೂರ್ಲಿಲ್ಲ. ಮೇಲಿನ ಸ್ಲ್ಯಾಬಿಗೆ ಕ್ಯೂರಿಂಗ್ ಮಾಡ್ಲಿಕ್ಕೆ, ಅಂದ್ರೆ ಕಾಂಕ್ರೀಟು ಗಟ್ಟಿ ಆಗ್ಲಿಕ್ಕೆ, ಸಿಮೆಂಟಿನ ಕಟ್ಟೆ ಮಾಡಿ ನೀರು ನಿಲ್ಸಿರ್ತಾರೆ, ಕೆಳಗೆ ಲಿಫ್ಟಿನ ಗುಂಡಿಯಲ್ಲಿ ನೀರು, ಸಂಪಲ್ಲಿ ನೀರು, ಡ್ರಮ್ಮಲ್ಲಿ ನೀರು. ನಮ್ಮ ಪೇಟೆಯ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಕೊಳಚೆ ಚರಂಡಿ ಬೇಡ, ಇಂಥ ಚೊಕ್ಕ ನಿಂತ ನೀರೇ ಬೇಕು. ಸೊಳ್ಳೆ ಹುಟ್ಟುವ ಜಾಗ, ಅದು ಕಚ್ಚುವ ರಾತ್ರಿ ಹೊತ್ತು, ಮನುಷ್ಯ ಮಲಗುವ ಜಾಗ, ಮೂರೂ ಒಂದೇ ಕಟ್ಟಡದ ಒಳಗೆ. ಹಾಗಿರುವಾಗ "ಹೊರಗಿನ ಲೇಬರ್‌ನವ್ರು ಮಲೇರಿಯಾ ತಂದು ಹಾಕ್ತಾರೆ" ಅಂತ ನಮ್ಮಲ್ಲಿ ಎಷ್ಟು ಜನ ಎಷ್ಟು ಸುಲಭದಲ್ಲಿ ಹೇಳ್ತಾರೆ! ಅವನ ಊರಲ್ಲಿ ಮಲೇರಿಯಾ ಇರ್ಬಹುದು, ಇಲ್ಲ ಅನ್ನುದಿಲ್ಲ, ಆದ್ರೆ ಅವನನ್ನು ಸೊಳ್ಳೆ ಮಧ್ಯ ಮಲಗ್ಸಿದ್ದು ನಾವು, ಆ ನೀರು ನಮ್ಮ ಬಿಲ್ಡಿಂಗಿನದ್ದು, ಆ ಫ್ಲಾಟಿಗೆ ಬುಕಿಂಗ್ ಮಾಡಿದ್ದೂ ನಾವೇ.

ಇದಕ್ಕೆ ಕಾನೂನು ಇಲ್ಲ ಅಂತಲೂ ಅಲ್ಲ. 2025ರ ನವೆಂಬರಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಸೆಕ್ಷನಲ್ಲಿ ಕೆಲಸ ಮಾಡಿಸುವವ್ರು ಕಾರ್ಮಿಕರಿಗೆ ಸೈಟಲ್ಲಿ ಅಥವಾ ಹತ್ರದಲ್ಲಿ ಬಾಡಿಗೆ ಇಲ್ಲದೆ ಉಳ್ಕೊಳ್ಳುವ ವ್ಯವಸ್ಥೆ ಮಾಡ್ಬೇಕು, ಅಡುಗೆಗೆ, ಸ್ನಾನಕ್ಕೆ, ಪಾಯಿಖಾನೆಗೆ ಬೇರೆ ಜಾಗ ಕೊಡ್ಬೇಕು ಅಂತ ಇತ್ತು. ಕಟ್ಟಡದ ಖರ್ಚಿನ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಅಂತ ಹೋಗ್ತದೆ. ಆದ್ರೆ ಆ ಕಲ್ಯಾಣ ಮಂಡಳಿಯಲ್ಲಿ ಹೆಸ್ರು ನೋಂದಣಿ ಆಗ್ಬೇಕಾದ್ರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಮೇಸ್ತ್ರಿ ಹೇಳಿದ ಕಡೆ ಸೈಟಿಂದ ಸೈಟಿಗೆ ಹೋಗುವ ಹುಡುಗನಿಗೆ ಆ ದಾಖಲೆ ಯಾರು ಬರ್ಕೊಡ್ತಾರೆ? ಇನ್ನು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವ್ರಿಗೆ ಕಾಯಿಲೆ ಬಿದ್ರೆ ದಿನದ ಸಂಬಳದ ಶೇ. 70ರ ಹಾಗೆ ವರ್ಷದಲ್ಲಿ 91 ದಿನದ ವರೆಗೆ ಸಿಗ್ತದೆ, ತುಂಬ ಒಳ್ಳೆ ವ್ಯವಸ್ಥೆ, ಅದೊಂದು ಎಲ್ಲರಿಗೂ ಸಿಕ್ಕಿದ್ರೆ ನಾನು ಈ ಪತ್ರ ಬರೀತಾನೇ ಇರ್ಲಿಲ್ಲ. ನಮ್ಮಲ್ಲಿಗೆ ಬರುವ ಕಾಂಟ್ರಾಕ್ಟ್ ಲೇಬರ್‌ನವ್ರ ಹತ್ರ ಇಎಸ್‌ಐ ಕಾರ್ಡ್ ಉಂಟಾ ಅಂತ ಕೇಳಿದ್ರೆ ಜಾಸ್ತಿ ಜನ ಇಲ್ಲ ಅಂತಾರೆ, ಕೆಲವ್ರಿಗೆ ಹಾಗಂದ್ರೆ ಏನು ಅಂತಲೇ ಯಾರೂ ಹೇಳಿರುದಿಲ್ಲ. ಅವ್ರು ಕೌಂಟರಲ್ಲಿ ಕೇಳುದು ಒಂದೇ, "ನಾಳೆ ಡ್ಯೂಟಿಗೆ ಹೋಗ್ಲಿಕ್ಕೆ ಆಗುವ ಹಾಗೆ ಏನಾದ್ರೂ ಕೊಡಿ".

ಇದು ಬಡವರ ಕಷ್ಟ ಮಾತ್ರ, ನಮಗೇನು ಅಂತ ಓದುವವ್ರಿಗೆ ಅನ್ನಿಸಬಹುದು. ಹಾಗಲ್ಲ. ಇಂಗ್ಲೆಂಡಲ್ಲಿ 1967ರಲ್ಲಿ ಲಂಡನ್ನಿನ ಸುಮಾರು 18 ಸಾವಿರ ಸರ್ಕಾರಿ ನೌಕರರ ಮೇಲೆ ಒಂದು ಅಧ್ಯಯನ ಶುರು ಆಯ್ತು, ವೈಟ್‌ಹಾಲ್ ಸ್ಟಡಿ ಅಂತ, ಅದರ ಲೆಕ್ಕ ಜನರ ಮುಂದಿಟ್ಟವ್ರಲ್ಲಿ ಮುಖ್ಯರು ಮೈಕಲ್ ಮಾರ್ಮಟ್ ಅನ್ನುವ ಡಾಕ್ಟ್ರು. ಎಲ್ಲರೂ ಆಫೀಸಿನವ್ರು, ಎಲ್ಲರಿಗೂ ಸಂಬಳ ಉಂಟು, ಎಲ್ಲರಿಗೂ ಅಲ್ಲಿನ ಸರ್ಕಾರಿ ಆಸ್ಪತ್ರೆ ಫ್ರೀ. ಹಾಗಿದ್ರೂ ಕೆಳಗಿನ ದರ್ಜೆಯ ನೌಕರರಲ್ಲಿ ಸಾವಿನ ಪ್ರಮಾಣ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು. ನಡುವಿನವ್ರದ್ದು ನಡುವೆ, ಮೆಟ್ಟಿಲು ಮೆಟ್ಟಿಲಾಗಿ. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದ್ರೂ ಈ ವ್ಯತ್ಯಾಸದ ಒಂದು ಪಾಲಿಗೆ ಮಾತ್ರ ಕಾರಣ ಸಿಕ್ಕಿತು. ಮತ್ತೆ ನಡೆದ ಅಧ್ಯಯನಗಳಲ್ಲಿ ಕೆಲಸದ ಮೇಲೆ ತನ್ನ ಹಿಡಿತ ಎಷ್ಟುಂಟು ಅನ್ನುದಕ್ಕೂ ಹೃದಯದ ಕಾಯಿಲೆಗೂ ಸಂಬಂಧ ಉಂಟು ಅಂತ ಕಂಡುಬಂತು. ಅದೇ ಮಾರ್ಮಟ್ ಅಧ್ಯಕ್ಷರಾಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಅದರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪೇಟೆಯ ಕಾಲ್ಟನ್ ಅನ್ನುವ ಬಡ ಏರಿಯಾದಲ್ಲಿ ಹುಟ್ಟಿದ ಗಂಡು ಮಗುವಿನ ನಿರೀಕ್ಷಿತ ಆಯುಷ್ಯ 54 ವರ್ಷ, ಅಲ್ಲಿಂದ ಕೆಲವೇ ಮೈಲು ದೂರದ ಲೆಂಜಿಯಲ್ಲಿ 82 ಅಂತ ಉಂಟು. ಹತ್ತಿರ ಹತ್ತಿರ ಊರು, ಒಂದೇ ಸರ್ಕಾರ, 28 ವರ್ಷದ ಅಂತರ. ನಮ್ಮಲ್ಲಿ ಕದ್ರಿ ಗುಡ್ಡೆಯ ಮೇಲಿನ ಫ್ಲಾಟಿನವ್ರಿಗೂ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಹತ್ರ ಇರುವವ್ರಿಗೂ ಹೀಗೆ ಲೆಕ್ಕ ಹಾಕಿ ಪೇಪರಲ್ಲಿ ಹಾಕಿದ್ದನ್ನು ನಾನು ನೋಡ್ಲಿಲ್ಲ. 2019ರ ಆಗಸ್ಟಲ್ಲಿ ಆ ಕಸದ ಗುಡ್ಡೆ ಮಳೆಗೆ ಜರಿದು ಪಕ್ಕದ ಮಂದಾರ ಅನ್ನುವ ಜಾಗದ ಮನೆ ತೋಟಗಳ ಮೇಲೆ ಬಂದು ಜನ ಮನೆ ಬಿಡ್ಬೇಕಾಯ್ತಲ್ಲ, ಆ ಕಸದಲ್ಲಿ ಇಡೀ ಪೇಟೆಯ ಎಲ್ಲ ಫ್ಲಾಟಿನದ್ದೂ ಇತ್ತು.

"ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಆಸ್ಪತ್ರೆ ಉಂಟಲ್ಲ ಮಾರಾಯ್ರೆ" ಅಂತ ಹೇಳುವವ್ರು ಸಿಗ್ತಾರೆ. ಉಂಟು, ನಿಜ, ಮೆಡಿಕಲ್ ಕಾಲೇಜುಗಳ ಲೆಕ್ಕದಲ್ಲಿ ನಮ್ಮಷ್ಟು ಇರುವ ಜಿಲ್ಲೆ ದೇಶದಲ್ಲೇ ಕಮ್ಮಿ. 1848ರ ವೆನ್ಲಾಕ್ ಆಸ್ಪತ್ರೆ ಉಂಟು, ಇವತ್ತಿಗೂ ಕಾಸರಗೋಡಿನಿಂದ ಹಿಡಿದು ಚಿಕ್ಕಮಗಳೂರು ಕೊಡಗಿನ ವರೆಗಿನ ಬಡವರಿಗೆ ಅದೇ ಗತಿ, ಅಲ್ಲಿ ದುಡಿಯುವವ್ರಿಗೆ ನನ್ನ ಕೈ ಮುಗಿದ ನಮಸ್ಕಾರ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗೆ ಚಿಕಿತ್ಸೆಯೂ ಉಂಟು. ಆದ್ರೆ ಆ ಐದು ಲಕ್ಷ ಅಡ್ಮಿಟ್ ಆದವನಿಗೆ, ದಿನಾ ನುಂಗುವ ಬಿಪಿ ಶುಗರ್ ಮಾತ್ರೆಯನ್ನು ಅಂಗಡಿಯಿಂದ ತಗೊಂಡ್ರೆ ಅದಕ್ಕಲ್ಲ, ಬಸ್ಸಿನ ಟಿಕೇಟಿಗಲ್ಲ, ಹೋದ ಒಂದು ದಿನದ ಸಂಬಳಕ್ಕಂತೂ ಅಲ್ಲವೇ ಅಲ್ಲ. ಸರ್ಕಾರದ್ದೇ ಲೆಕ್ಕದಲ್ಲಿ 2021-22ರಲ್ಲಿ ದೇಶದ ಆರೋಗ್ಯದ ಒಟ್ಟು ಖರ್ಚಲ್ಲಿ ಶೇ. 39.4 ಜನರ ಸ್ವಂತ ಜೇಬಿನಿಂದ ಹೋದದ್ದು. ಆ ಲೆಕ್ಕದಲ್ಲೂ ಹೋದ ಕೂಲಿ ಸೇರುದಿಲ್ಲ.

ಬಸ್ಸಿನ ವಿಷಯ ಬೆಂಗ್ಳೂರಲ್ಲಿ ಕೂತವ್ರಿಗೆ ಅರ್ಥ ಆಗುದು ಕಷ್ಟ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಯ್ತು, ಆದ್ರೆ ಅದು ಸರ್ಕಾರಿ ಬಸ್ಸಲ್ಲಿ. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಒಳಗೊಳಗಿನ ಊರಿಗೆ ಹೋಗುದು ಜಾಸ್ತಿ ಪ್ರೈವೇಟ್ ಬಸ್ಸು. ಹಳ್ಳಿಯ ಒಬ್ರು ಅಕ್ಕ ವೆನ್ಲಾಕಿಗೋ ಲೇಡಿಗೋಷನ್ ಆಸ್ಪತ್ರೆಗೋ ಬರ್ಬೇಕಾದ್ರೆ ಎರಡು ಬಸ್ಸು ಬದಲಿಸಿ, ಎರಡಕ್ಕೂ ದುಡ್ಡು ಕೊಟ್ಟು, ಒಪಿಡಿ ಮುಗಿಯುದ್ರೊಳಗೆ ಮುಟ್ಬೇಕು, ರಕ್ತ ಪರೀಕ್ಷೆ ರಿಪೋರ್ಟ್ ಮಧ್ಯಾಹ್ನ ಮೇಲೆ, ಅದನ್ನು ಡಾಕ್ಟ್ರಿಗೆ ತೋರಿಸುದು ನಾಳೆ. ಎರಡು ದಿನದ ಕೆಲಸ ಹೋಯ್ತು. ಹಾಗಾಗಿ ಅವ್ರು ಕಾಯಿಲೆ ಜೋರಾಗುವ ವರೆಗೆ ತಡ್ಕೊಳ್ತಾರೆ, ಕೊನೆಗೆ ಬಂದಾಗ "ಇಷ್ಟು ದಿನ ಎಂತ ಮಾಡ್ತಿದ್ರಿ ನೀವು" ಅಂತ ಬೈಸ್ಕೊಳ್ಳುದು ಬೇರೆ.

ಬೀಡಿಯ ಬಗ್ಗೆ ಹೇಳದೆ ನಮ್ಮ ಜಿಲ್ಲೆಯ ಹೆಂಗಸರ ಆರೋಗ್ಯ ಮಾತಾಡ್ಲಿಕ್ಕೆ ಆಗುದಿಲ್ಲ. ನನ್ನ ದೊಡ್ಡಮ್ಮ ಕಟ್ಟುದನ್ನು ನೋಡಿ ಬೆಳೆದವ ನಾನು. ಕಾಲು ಮಡಚಿ ಕೂತು, ತೊಡೆ ಮೇಲೆ ತಡ್ಪೆ, ಅದರಲ್ಲಿ ಎಲೆ ಮತ್ತೆ ಹೊಗೆಸೊಪ್ಪಿನ ಹುಡಿ, ಕುತ್ತಿಗೆ ಬಗ್ಗಿಸಿ ಬೆಳಗ್ಗಿಂದ ರಾತ್ರಿ ವರೆಗೆ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಅಂದ್ರೆ ಎದ್ದು ಹೋದ ಪ್ರತಿ ನಿಮಿಷಕ್ಕೂ ದುಡ್ಡು ಕಮ್ಮಿ, ಹಾಗಾಗಿ ನೀರು ಕುಡಿಯುದನ್ನೇ ಕಮ್ಮಿ ಮಾಡ್ತಿದ್ರು, ಮೂತ್ರಕ್ಕೆ ಏಳ್ಬೇಕಲ್ಲ ಅಂತ. ಅದರಿಂದ ಉರಿ, ಸೋಂಕು. ಹುಡಿ ಮೂಗಿಗೆ ಹೋಗಿ ಕೆಮ್ಮು, ಬೆರಳಿನ ಚರ್ಮದಿಂದಲೇ ನಿಕೋಟಿನ್ ಒಳಗೆ ಹೋಗ್ತದೆ. ಅದೇ ಕೋಣೆಯಲ್ಲಿ ಮಗು ಮಲಗಿದೆ, ಅದೇ ಕೋಣೆಯಲ್ಲಿ ಊಟ. ಆ ಬೀಡಿಯ ದುಡ್ಡಲ್ಲೇ ಎಷ್ಟು ಹೆಣ್ಮಕ್ಕಳು ಕಾಲೇಜು ಓದಿದ್ರು, ಎಷ್ಟು ಮನೆಗೆ ಹಂಚು ಬಂತು, ಪಿಎಫ್ ಬಂತು ಅನ್ನುದೂ ನಿಜ, ಅದಕ್ಕೇ ಈ ವಿಷಯ ಅಷ್ಟು ಕಷ್ಟದ್ದು. ಅವ್ರ ಹೆಸರಲ್ಲಿ ಇದ್ದ ಕಲ್ಯಾಣ ನಿಧಿಗೆ ಬೀಡಿ ಮೇಲಿನ ಸೆಸ್ಸಿನಿಂದ ದುಡ್ಡು ಬರ್ತಿತ್ತು, 2017ರಲ್ಲಿ ಜಿಎಸ್‌ಟಿ ಬರುವಾಗ ಆ ಸೆಸ್ಸನ್ನೂ ತೆಗೆದ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಜನರಿಗೆ ರಕ್ತ ಕಮ್ಮಿ ಅಂತ ಬಂದಿದೆ. ಕಬ್ಬಿಣಾಂಶದ ಮಾತ್ರೆ ಕೊಡ್ಲಿ, ಬೇಡ ಅನ್ನುದಿಲ್ಲ, ಆದ್ರೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವವಳಿಗೆ ಮಾತ್ರೆ ಎಷ್ಟೂಂತ ಸಹಾಯ ಮಾಡೀತು?

ಇನ್ನೊಂದು ವಿಷಯ ಹೆಚ್ಚಿನವ್ರು ಮರೀತಾರೆ. ನಮ್ಮ ಎರಡು ಜಿಲ್ಲೆ ಬೇರೆ ಕಡೆಗಿಂತ ಸ್ವಲ್ಪ ಮುಂದೆ ಇರುದಕ್ಕೆ ದೊಡ್ಡ ಆಸ್ಪತ್ರೆಗಳು ಮಾತ್ರ ಕಾರಣ ಅಂತ ನನಗೆ ಅನ್ನಿಸುದಿಲ್ಲ. 1974ರಲ್ಲಿ ಭೂ ಸುಧಾರಣೆ ಬಂದು ಗೇಣಿ ಒಕ್ಕಲುಗಳು ತಾವು ಗೇಣಿಗೆ ಮಾಡುವ ಜಾಗ ತಮಗೆ ಬೇಕು ಅಂತ ಡಿಕ್ಲರೇಶನ್ ಕೊಟ್ಟು ಜಾಗ ಮಾಡ್ಕೊಂಡ್ರಲ್ಲ, ಅಲ್ಲಿಂದ ಎಷ್ಟೋ ಮನೆಯಲ್ಲಿ ಎರಡು ಹೊತ್ತು ಗಂಜಿ ಗ್ಯಾರಂಟಿ ಆಯ್ತು, ಮಕ್ಕಳು ದನ ಮೇಯಿಸುದು ಬಿಟ್ಟು ಶಾಲೆಗೆ ಹೋದ್ರು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಸಾಕ್ಷರತೆ ಜಾಸ್ತಿ ಇದ್ದದ್ದು ದಕ್ಷಿಣ ಕನ್ನಡದಲ್ಲಿ, ಶೇ. 88.57. ಓದಿದ ತಾಯಿ ಮಗುವಿಗೆ ಚುಚ್ಚುಮದ್ದು ತಪ್ಪಿಸುದಿಲ್ಲ. ಹಾಗಾದ್ರೆ ಜಾಗ ಸಿಗದವ್ರ ಕಥೆ ಏನಾಯ್ತು ಅಂತ ಕೇಳಿದ್ರೆ, ಕೊರಗ ಸಮುದಾಯವನ್ನು ನೋಡಿ. ಕಾಡಿನ ಬೀಳು (ಬಳ್ಳಿ) ತಂದು ಬುಟ್ಟಿ ಹೆಣೆದು ಬದುಕಿದವ್ರು, ಗೇಣಿಗೆ ಕೂಡ ಜಾಗ ಇರ್ಲಿಲ್ಲ, ಡಿಕ್ಲರೇಶನ್ ಕೊಡುದು ಎಲ್ಲಿಂದ? ಬೇರೆಯವ್ರ ಕೂದಲು ಉಗುರು ಬೆರೆಸಿದ ಊಟ ತಿನ್ನಿಸುವಂಥ, ಅವ್ರನ್ನು ಮನುಷ್ಯರ ಹಾಗೆ ನೋಡದ ಅಜಲು ಪದ್ಧತಿಯನ್ನು ನಿಲ್ಲಿಸ್ಲಿಕ್ಕೆ ಸರ್ಕಾರ 2000ದಲ್ಲಿ ಕಾಯ್ದೆಯನ್ನೇ ತರ್ಬೇಕಾಯ್ತು. ಕೊರಗರ ಸ್ಥಿತಿಯ ಬಗ್ಗೆ ಆದ ಮಹಮ್ಮದ್ ಪೀರ್ ವರದಿ 1994ರಲ್ಲೇ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕ್ರೆ ಜಾಗ ಕೊಡಿ ಅಂತ ಹೇಳಿತ್ತು, ಅದಕ್ಕಾಗಿ ಅವ್ರು ಇವತ್ತಿಗೂ ಡಿಸಿ ಆಫೀಸಿನ ಎದುರು ಕೂರ್ತಾರೆ. ಎಲ್ಲ ಕಡೆ ಜನಸಂಖ್ಯೆ ಏರುವಾಗ ಅವ್ರದ್ದು 2001ಕ್ಕಿಂತ 2011ರಲ್ಲಿ ಕಮ್ಮಿ ಆಗಿದೆ. ಇದಕ್ಕಿಂತ ದೊಡ್ಡ ಆರೋಗ್ಯ ಸುದ್ದಿ ನಮ್ಮ ಜಿಲ್ಲೆಯಲ್ಲಿ ಯಾವುದುಂಟು?

ಕುಡೀತಾರೆ, ಗುಟ್ಕಾ ಹಾಕ್ತಾರೆ, ಅವ್ರದ್ದೇ ತಪ್ಪು ಅನ್ನುವವ್ರಿಗೂ ಒಂದು ಮಾತು. ಕುಡಿದು ಲಿವರ್ ಹಾಳಾದವ್ರನ್ನು ನಾನೂ ನೋಡ್ತೇನೆ, ಅವ್ರ ಹೆಂಡ್ತಿ ಮಕ್ಕಳನ್ನೂ ನೋಡ್ತೇನೆ, ಕುಡಿತ ಒಳ್ಳೇದು ಅಂತ ಹೇಳ್ಲಿಕ್ಕೆ ನನ್ನ ಬಾಯಿ ಬರುದಿಲ್ಲ. ಆದ್ರೆ ಎರಡು ಶಿಫ್ಟ್ ಒಟ್ಟಿಗೆ ಮಾಡುವ ಕ್ಲೀನರ್ ಹುಡುಗ ನಿದ್ದೆ ತಡೀಲಿಕ್ಕೆ ಬಾಯಿಗೆ ಗುಟ್ಕಾ ಹಾಕುದು, ಹನ್ನೆರಡು ಗಂಟೆ ಮೂಟೆ ಹೊತ್ತವ ಮೈ ಕೈ ನೋವಿಗೆ ಕ್ವಾರ್ಟರ್ ಕುಡಿಯುದು, ಇದನ್ನು ಬರೀ ಕೆಟ್ಟ ಚಟ ಅಂತ ಬರ್ದು ಮುಗಿಸಿದ್ರೆ ಶಿಫ್ಟ್ ಹಾಕಿದವನನ್ನು, ಮೂಟೆ ಹೊರಿಸಿದವನನ್ನು ಯಾರೂ ಕೇಳುದೇ ಇಲ್ಲ.

ಹಾಗಾಗಿ ನನ್ನ ಕೇಳಿಕೆ ಕೆಲವು ಉಂಟು. ಪೇಟೆಯ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್‌ಗಳನ್ನು, ಇಂಡಸ್ಟ್ರಿಯಲ್ ಏರಿಯಾದ ಹತ್ರದ ಆರೋಗ್ಯ ಕೇಂದ್ರಗಳನ್ನು ವಾರದಲ್ಲಿ ಕೆಲವು ದಿನ ಆದ್ರೂ ರಾತ್ರಿ ಒಂಬತ್ತರ ವರೆಗೆ ತೆರೆದಿಡ್ಲಿ, ಕೆಲಸ ಬಿಟ್ಟು ಬರುವವ್ರಿಗೆ ಆಗ್ತದೆ, ಬಿಪಿ ಶುಗರಿಗೆ ಒಂದೇ ಸಲ ಎರಡು ಮೂರು ತಿಂಗಳ ಮಾತ್ರೆ ಕೊಟ್ಟು ಕಳಿಸ್ಲಿ. ಕಟ್ಟಡಕ್ಕೆ ಲೈಸೆನ್ಸ್ ಕೊಡುವಾಗ ನಕ್ಷೆ ನೋಡುವ ಹಾಗೆ ಲೇಬರ್ ಮಲಗುವ ಜಾಗವನ್ನೂ ನೋಡ್ಲಿ, ಸೈಟಲ್ಲಿ ಮಲೇರಿಯಾ ಬಂದವನಿಗೆ ಹದಿನಾಲ್ಕು ದಿನ ಮದ್ದು ಮುಗಿಯುವ ವರೆಗೆ ಊಟ ಮತ್ತೆ ಜ್ವರ ಇದ್ದ ದಿನದ ಸಂಬಳ ಕಾಂಟ್ರಾಕ್ಟರ್ ಕೊಡ್ಬೇಕು ಅಂತ ಮಾಡ್ಲಿ. ಪ್ರೈವೇಟ್ ಬಸ್ಸಲ್ಲಿ ಆಸ್ಪತ್ರೆಗೆ ಬರುವ ಹೆಂಗಸ್ರಿಗೆ ಶಕ್ತಿಯ ಹಾಗೆ ಏನಾದ್ರೂ ದಾರಿ ಹುಡುಕ್ಲಿ.

ಮತ್ತೆ ಸಂಪಾದಕರೇ, ನಿಮ್ಮ ಹತ್ರ ಒಂದು ವಿನಂತಿ. ಈ ಮಳೆಗಾಲದಲ್ಲಿ ಮಲೇರಿಯಾ ಕೇಸಿನ ವರದಿ ಮಾಡುವಾಗ ವಾರ್ಡಿನ ನಂಬರ್ ಬರ್ದು ನಿಲ್ಲಿಸ್ಬೇಡಿ, ನಿಮ್ಮ ವರದಿಗಾರರನ್ನು ಆ ಸೈಟಿಗೆ ಒಂದು ರಾತ್ರಿ ಹೊತ್ತಲ್ಲಿ ಕಳಿಸಿ, ಅಲ್ಲಿ ಎಷ್ಟು ಜನ ಮಲಗಿದ್ದಾರೆ, ಪರದೆ ಉಂಟಾ, ಪಾಯಿಖಾನೆ ಉಂಟಾ, ಜ್ವರ ಬಂದವನಿಗೆ ಆ ವಾರ ಎಷ್ಟು ಸಂಬಳ ಕೊಟ್ರು, ಕಟ್ಟಡ ಯಾರದ್ದು ಅಂತ ಕೇಳಿ ಅದನ್ನೂ ಅಚ್ಚು ಹಾಕಿ.

ಇಂತಿ ನಿಮ್ಮ ಓದುಗ,
ಬೈಕಂಪಾಡಿ, ಮಂಗಳೂರು